‘ಶುಭಂ’ ಬಿದ್ದ ಮೇಲೆ: ಮದುವೆ, ಪ್ರೇಮಗಳನ್ನು ಕಥೆಗಳು ಯಾಕೆ ಹೀಗೆ ವಿಡಂಬಿಸುತ್ತಿವೆ?

2025ರ ಮೊದಲ ಮೂರು ತಿಂಗಳಲ್ಲಿ ಒಂದಕ್ಕೊಂದು ತಾಳೆಯಾಗದ ಮೂರು ಸುದ್ದಿಗಳು ಬಂದವು. ಜನವರಿಯಲ್ಲಿ ಅಮೆರಿಕದ ಲೇಖಕಿ ರೆಬೆಕಾ ಯಾರೋಸ್ ಅವರ ‘ಆನಿಕ್ಸ್ ಸ್ಟಾರ್ಮ್’ ಕಾದಂಬರಿ ಬಿಡುಗಡೆಯಾದ ಒಂದೇ ವಾರದಲ್ಲಿ 27 ಲಕ್ಷ ಪ್ರತಿ ಖರ್ಚಾಯಿತು. ಡ್ರ್ಯಾಗನ್ನುಗಳೂ ಯುದ್ಧವೂ ಇರುವ ಕಥೆಯಾದರೂ ಓದುಗರನ್ನು ಹಿಡಿದಿಟ್ಟಿದ್ದು ಅದರೊಳಗಿನ ಪ್ರೇಮ. ಫೆಬ್ರವರಿಯಲ್ಲಿ ಚೀನಾ ಸರ್ಕಾರ ಹಿಂದಿನ ವರ್ಷದ ಮದುವೆಗಳ ಲೆಕ್ಕ ಕೊಟ್ಟಿತು. 2023ರಲ್ಲಿ ಸುಮಾರು 77 ಲಕ್ಷ ಜೋಡಿಗಳು ನೋಂದಾಯಿಸಿಕೊಂಡಿದ್ದರೆ 2024ರಲ್ಲಿ ಆ ಸಂಖ್ಯೆ 61 ಲಕ್ಷಕ್ಕೆ ಇಳಿದಿತ್ತು; ಒಂದೇ ವರ್ಷದಲ್ಲಿ ಐದರಲ್ಲೊಂದು ಪಾಲು ಕುಸಿತ. ಮಾರ್ಚ್ 2ರಂದು ಶ್ರೇಷ್ಠ ಚಿತ್ರದ ಆಸ್ಕರ್ ‘ಅನೋರಾ’ ಪಾಲಾಯಿತು. ಬಡ ಹುಡುಗಿ, ಸಿರಿವಂತ ಹುಡುಗ, ದಿಢೀರ್ ಮದುವೆ, ಎಲ್ಲವೂ ಆ ಸಿನಿಮಾದಲ್ಲಿ ಇವೆ. ಮದುವೆ ಮಾತ್ರ ಉಳಿಯುವುದಿಲ್ಲ. ಹುಡುಗನ ಅಪ್ಪ ಅಮ್ಮ ವಿಮಾನದಲ್ಲಿ ಬಂದಿಳಿದು ಅದನ್ನು ರದ್ದು ಮಾಡಿಸುತ್ತಾರೆ.

ಪ್ರೇಮಕಥೆಗಳಿಗೆ ಓದುಗರು ಮುಗಿಬೀಳುತ್ತಿದ್ದಾರೆ. ಮದುವೆಯಾಗುವವರು ಕಡಿಮೆಯಾಗುತ್ತಿದ್ದಾರೆ. ಮದುವೆಯ ಕನಸನ್ನು ಒಡೆದು ತೋರಿಸುವ ಕಥೆಗೆ ದೊಡ್ಡ ಪ್ರಶಸ್ತಿ ಸಿಗುತ್ತದೆ. ದೇಶಗಳು ಬೇರೆ, ಕಾರಣಗಳೂ ಬೇರೆ. ಆದರೂ ಮೂರನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಜನಕ್ಕೆ ಪ್ರೀತಿಯ ಮೇಲೆ ನಂಬಿಕೆ ಇದೆಯೋ ಇಲ್ಲವೋ? ಕಥೆಗಾರರು ಮದುವೆಯನ್ನು ಕೆಡವಲು ಹೊರಟಿದ್ದಾರೋ, ರಿಪೇರಿ ಮಾಡಲು ಹೊರಟಿದ್ದಾರೋ?

ಇದನ್ನು ಬಿಡಿಸಿಕೊಳ್ಳಬೇಕಾದರೆ ವಿಡಂಬನೆಯ ಕಣ್ಣು ಎಲ್ಲಿದೆ ಎಂದು ಮೊದಲು ನೋಡಬೇಕು. ಕಳೆದ ಮುನ್ನೂರು ವರ್ಷಗಳ ಒಳ್ಳೆಯ ವಿಡಂಬನೆಗಳನ್ನು ಸಾಲಾಗಿ ಇಟ್ಟುಕೊಂಡರೆ, ಅವು ಪ್ರೀತಿಯನ್ನೇ ಗೇಲಿ ಮಾಡಿದ್ದು ತೀರ ಕಡಿಮೆ. ಪ್ರೀತಿಯ ಮಾತಿನ ಅಡಿಯಲ್ಲಿ ನಡೆಯುವ ಲೇವಾದೇವಿಯನ್ನು, ಗಂಡ ಹೆಂಡತಿ ಬಾಯಿಬಿಟ್ಟು ಹೇಳಿಕೊಳ್ಳಲಾಗದ ಲೆಕ್ಕವನ್ನು, ಅವು ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತವೆ. ಈ ಲೇಖನದ ವಾದ ಇಷ್ಟೇ. ಆದರೆ ಅದಕ್ಕೆ ಆಧಾರ ಒದಗಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭರವಸೆ ಬೆಳೆದಷ್ಟೂ ಬಿರುಕು

ಪ್ರೀತಿಗಾಗಿ ಮದುವೆಯಾಗುವುದು ಅನಾದಿ ಕಾಲದ ಪದ್ಧತಿ ಎನ್ನಿಸುತ್ತದೆ. ಹಾಗಿಲ್ಲ. ಇತಿಹಾಸಕಾರ್ತಿ ಸ್ಟೆಫನಿ ಕೂಂಟ್ಜ್ 2005ರ ‘ಮ್ಯಾರೇಜ್, ಎ ಹಿಸ್ಟರಿ’ ಪುಸ್ತಕದಲ್ಲಿ ವಿವರಿಸುವಂತೆ, ಮದುವೆ ಬಹುಕಾಲ ಆಸ್ತಿ, ದುಡಿಮೆ, ನಂಟಸ್ತಿಕೆಗಳ ಏರ್ಪಾಡಾಗಿತ್ತು. ಗಂಡು ಹೆಣ್ಣು ಪ್ರೀತಿಸುತ್ತಿರಲಿಲ್ಲ ಎಂದು ಇದರ ಅರ್ಥವಲ್ಲ. ಮದುವೆ ಗೊತ್ತುಮಾಡುವಾಗ ಪ್ರೀತಿಯ ಮಾತಿಗೆ ತೂಕವಿರಲಿಲ್ಲ. ಪ್ರೀತಿಯೇ ಮದುವೆಯ ಮುಖ್ಯ ಕಾರಣವಾಗಬೇಕೆಂಬ ಆದರ್ಶ ಯುರೋಪು, ಅಮೆರಿಕಗಳಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ.

ಇದರಿಂದ ಒಂದು ದೊಡ್ಡ ಬದಲಾವಣೆಯಾಯಿತು. ಮದುವೆ ಬರೀ ಏರ್ಪಾಡಾಗಿದ್ದಾಗ ಅದರಿಂದ ಜನ ನಿರೀಕ್ಷಿಸುತ್ತಿದ್ದುದು ಸ್ವಲ್ಪ. ಯಾರಾದರೂ ಕೊಟ್ಟ ಮಾತಿಗೆ ತಪ್ಪಿದರೆ ನಗು ಹುಟ್ಟುತ್ತಿತ್ತು: ಮೋಸಹೋದ ಮುದಿ ಗಂಡ, ಕಳ್ಳದಾರಿ ಹಿಡಿದ ಹೆಂಡತಿ. ಪ್ರೀತಿ ಒಳಗೆ ಬಂದ ಮೇಲೆ ಭರವಸೆ ಹಿಗ್ಗಿತು. ಒಬ್ಬರೇ ವ್ಯಕ್ತಿ ಪ್ರೇಮಿ, ಸ್ನೇಹಿತ, ಸಂಸಾರದ ಪಾಲುದಾರ, ಮನಸ್ಸಿಗೆ ಸಮಾಧಾನ ಹೇಳುವವರು ಎಲ್ಲವೂ ಆಗಬೇಕಾಯಿತು. ಆದರೆ ಕಾನೂನೂ ಹಣವೂ ಅದೇ ವೇಗದಲ್ಲಿ ಬದಲಾಗಲಿಲ್ಲ. ಇಂಗ್ಲೆಂಡಿನಲ್ಲಿ 1882ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಬರುವವರೆಗೂ ಮದುವೆಯಾದ ಹೆಣ್ಣಿನ ಆಸ್ತಿಯ ಮೇಲೆ ಬಹುಮಟ್ಟಿಗೆ ಗಂಡನದೇ ಅಧಿಕಾರ. ಮಾತು ಹೃದಯದ್ದು, ಕಾಗದಪತ್ರ ಆಸ್ತಿಯದ್ದು. ಇವೆರಡರ ನಡುವೆ ಬಿದ್ದ ಬಿರುಕಿನಲ್ಲಿ ಆಧುನಿಕ ವಿಡಂಬನೆ ಬೆಳೆಯಿತು.

ಬಿರುಕನ್ನು ಬಲು ಬೇಗ ಗುರುತಿಸಿದವರಲ್ಲಿ ಇಂಗ್ಲಿಷ್ ನಾಟಕಕಾರ ವಿಲಿಯಂ ಕಾಂಗ್ರೀವ್ ಒಬ್ಬರು. 1700ರಲ್ಲಿ ರಂಗಕ್ಕೇರಿದ ‘ದಿ ವೇ ಆಫ್ ದಿ ವರ್ಲ್ಡ್’ ನಾಟಕದಲ್ಲಿ ಪರಸ್ಪರ ಪ್ರೀತಿಸುವ ಮಿಲಮಂಟ್, ಮಿರಾಬೆಲ್ ಇಬ್ಬರೂ ಮದುವೆಗೆ ಒಪ್ಪುವ ಮೊದಲು ಷರತ್ತುಗಳ ಪಟ್ಟಿ ಹಿಡಿದು ಕೂರುತ್ತಾರೆ. ಮಿಲಮಂಟಳ ಷರತ್ತುಗಳು ಇವು: ನನ್ನನ್ನು ಮುದ್ದು ಹೆಸರುಗಳಿಂದ ಕರೆಯಕೂಡದು. ನನಗೆ ಬಂದ ಕಾಗದಗಳನ್ನು ಯಾರು ಬರೆದರೆಂದು ವಿಚಾರಿಸಕೂಡದು. ನಾನಿರುವ ಕೋಣೆಗೆ ಬರುವ ಮುಂಚೆ ಬಾಗಿಲು ತಟ್ಟಬೇಕು. ಪ್ರೇಕ್ಷಕರು ನಗುತ್ತಾರೆ. ನಗುತ್ತಿರುವಾಗಲೇ ಆ ಒಂದೊಂದು ಷರತ್ತೂ ಹೆಂಡತಿಯಾದವಳು ಕಳೆದುಕೊಳ್ಳಲಿರುವ ಒಂದೊಂದು ವಸ್ತುವಿನ ಹೆಸರೆಂದು ಹೊಳೆಯುತ್ತದೆ. ಬಾಗಿಲು ತಟ್ಟು ಎಂದು ಕರಾರು ಮಾಡಿಕೊಳ್ಳಬೇಕಾದ ಸ್ಥಿತಿಯನ್ನು ಆ ದೃಶ್ಯ ಗುರಿಮಾಡಿದೆ, ಮಿಲಮಂಟಳ ಪ್ರೀತಿಯನ್ನಲ್ಲ. ನಮ್ಮಲ್ಲಿ 1887ರಲ್ಲಿ ಬಂದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಕೂಡ ಹಣಕ್ಕೆ ಹೆಣ್ಣನ್ನು ಕೊಡುವ ವ್ಯವಹಾರವನ್ನೇ ನಗೆಗೆ ಒಡ್ಡಿತ್ತು. ಕನ್ನಡದ ಹೊಸ ನಾಟಕ ಮದುವೆಯ ಲೆಕ್ಕ ಕೇಳುತ್ತಲೇ ಶುರುವಾಯಿತು ಎಂಬುದು ನೆನಪಿಡಬೇಕಾದ ಸಂಗತಿ.

ಹಿಂದಿನ ಕೋಣೆ ಆರಿಸಿಕೊಂಡ ಷಾರ್ಲಟ್

ಜೇನ್ ಆಸ್ಟೆನ್‌ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಕಾದಂಬರಿಯನ್ನು ಇವತ್ತು ಬಹಳ ಮಂದಿ ಅಪ್ಪಟ ಪ್ರೇಮಕಥೆಯೆಂದು ಓದುತ್ತಾರೆ. ಎಲಿಜಬೆತ್ ಮತ್ತು ಡಾರ್ಸಿಯ ಮಟ್ಟಿಗೆ ಅದು ಪ್ರೇಮಕಥೆಯೇ. ಆದರೆ ಅವರ ಪಕ್ಕದಲ್ಲೇ ಇನ್ನೊಂದು ಮದುವೆ ನಡೆಯುತ್ತದೆ. ಎಲಿಜಬೆತ್‌ಳ ಗೆಳತಿ ಷಾರ್ಲಟ್ ಲೂಕಸ್‌ಗೆ 27 ವರ್ಷ. ಆಸ್ತಿ ಇಲ್ಲ, ರೂಪವೂ ಅಷ್ಟಕ್ಕಷ್ಟೇ. ಎಲಿಜಬೆತ್ ನಿರಾಕರಿಸಿದ ಕಾಲಿನ್ಸ್ ಎಂಬ ಬಡಾಯಿಕೋರ ಪಾದ್ರಿಯನ್ನು ಅವಳು ಕಣ್ಣು ತೆರೆದೇ ಒಪ್ಪಿಕೊಳ್ಳುತ್ತಾಳೆ. ತನಗೆ ಬೇಕಿರುವುದು ನೆಮ್ಮದಿಯ ಒಂದು ಮನೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಮುಂದೆ ಎಲಿಜಬೆತ್ ಅವರ ಮನೆಗೆ ಹೋದಾಗ ಒಂದು ಸಣ್ಣ ವಿಷಯ ಅವಳ ಗಮನಕ್ಕೆ ಬರುತ್ತದೆ. ಮನೆಯಲ್ಲಿ ದೊಡ್ಡದಾದ, ಹೊರಗಿನ ನೋಟ ಚೆನ್ನಾಗಿ ಕಾಣುವ ಕೋಣೆ ಇದ್ದರೂ ಷಾರ್ಲಟ್ ಹಗಲೆಲ್ಲ ಕೂರುವುದು ಹಿಂಬದಿಯ ಕೋಣೆಯಲ್ಲಿ. ಯಾಕೆಂದು ಮೊದಲು ತಿಳಿಯುವುದಿಲ್ಲ. ಆಮೇಲೆ ತಿಳಿಯುತ್ತದೆ: ರಸ್ತೆ ಕಾಣುವ ಕೋಣೆ ಗಂಡನದು. ಅವನಿಗೆ ಬಂದುಹೋಗುವ ಗಾಡಿಗಳನ್ನು ನೋಡುವ ಖುಷಿ. ಷಾರ್ಲಟ್ ಕೂಡ ಅಷ್ಟೇ ಚೆನ್ನಾದ ಕೋಣೆಯಲ್ಲಿ ಕೂತರೆ ಅವನು ತನ್ನ ಕೋಣೆ ಬಿಟ್ಟು ಇಲ್ಲಿಗೇ ಬಂದು ಕೂರುತ್ತಾನೆ. ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಅವನನ್ನು ಹೊರಗೆ ಕಳಿಸುವುದರಲ್ಲೂ ಅವಳಿಗೆ ಉತ್ಸಾಹ. ಅವನು ಮುಜುಗರದ ಮಾತಾಡಿದಾಗ ಅವಳಿಗೆ ಕಿವಿ ಕೇಳಿಸುವುದಿಲ್ಲ.

ಆಸ್ಟೆನ್ ಇಲ್ಲಿ ಯಾರನ್ನೂ ಬೈಯುವುದಿಲ್ಲ, ಷಾರ್ಲಟ್ ದುಃಖಿ ಎಂದೂ ಹೇಳುವುದಿಲ್ಲ. ಒಂದು ಕೋಣೆಯ ಆಯ್ಕೆಯನ್ನು ಮಾತ್ರ ತೋರಿಸುತ್ತಾರೆ. ಓದುಗರು ನಗುತ್ತಾರೆ, ಮರುಕ್ಷಣ ಆ ಮನೆಯಲ್ಲಿ ಕಳೆಯಬೇಕಾದ ವರ್ಷಗಳು ಕಣ್ಣ ಮುಂದೆ ಬರುತ್ತವೆ. ನನ್ನ ಅಂದಾಜಿನಲ್ಲಿ ಇಂಗ್ಲಿಷಿನಲ್ಲಿ ಮದುವೆಯ ಬಗ್ಗೆ ಬಂದ ಅತ್ಯಂತ ನಿಖರವಾದ ವಿಡಂಬನೆ ಈ ಕೋಣೆಯದೇ. ಇದರ ಕೆಲಸ ಸರಳ: ಎಲಿಜಬೆತ್‌ಳ ಸುಖಾಂತ್ಯ ನಿಯಮವೋ ಅಪವಾದವೋ ಎಂಬ ಪ್ರಶ್ನೆಯನ್ನು ಷಾರ್ಲಟ್ ನಮ್ಮಿಂದ ಕೇಳಿಸುತ್ತಾಳೆ. ಆಸ್ತಿ ಗಂಡು ವಾರಸುದಾರನಿಗೇ ಹೋಗುವ ಕಟ್ಟಳೆಯಿದ್ದ ಸಮಾಜದಲ್ಲಿ ಹೆಣ್ಣುಮಕ್ಕಳಿಗೆ ಮದುವೆಯೇ ಜೀವನೋಪಾಯ. ಪ್ರೀತಿ ಸಿಕ್ಕರೆ ಅದು ಅದೃಷ್ಟ.

ಪ್ರೇಮದ ಮಾತಿನ ನಡುವೆ ಗೊಬ್ಬರದ ಬಹುಮಾನ

ಆಸ್ಟೆನ್ ಮದುವೆಯ ಲೆಕ್ಕ ತೆಗೆದರೆ, ಫ್ರಾನ್ಸಿನ ಗುಸ್ತಾವ್ ಫ್ಲೋಬೇರ್ ಪ್ರಣಯದ ಭಾಷೆಯನ್ನೇ ಕೈಗೆತ್ತಿಕೊಂಡರು. 1856ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಮದಾಂ ಬೊವಾರಿ’ಯ ನಾಯಕಿ ಎಮ್ಮಾ ಪ್ರೇಮ ಕಾದಂಬರಿಗಳನ್ನು ಓದಿ ಬೆಳೆದವಳು. ಹಳ್ಳಿಯ ವೈದ್ಯನ ಹೆಂಡತಿಯಾಗಿ ಬೇಸತ್ತ ಅವಳ ಬಾಳಿಗೆ ರೊಡಾಲ್ಫ್ ಎಂಬ ಜಮೀನ್ದಾರ ಬರುತ್ತಾನೆ.

ಅವನು ಅವಳನ್ನು ಒಲಿಸಿಕೊಳ್ಳುವ ದೃಶ್ಯ ನಡೆಯುವುದು ಕೃಷಿ ಮೇಳದ ದಿನ. ಇಬ್ಬರೂ ಪುರಸಭೆಯ ಮಹಡಿಯಲ್ಲಿ ಕಿಟಕಿಯ ಬಳಿ ಕೂತಿದ್ದಾರೆ. ಕೆಳಗೆ ವೇದಿಕೆಯ ಮೇಲಿಂದ ಬಹುಮಾನ ವಿಜೇತರ ಹೆಸರು ಕೂಗುತ್ತಿದ್ದಾರೆ. ಮೇಲೆ ರೊಡಾಲ್ಫ್ ಅವಳ ಕೈ ಹಿಡಿದು, ನೂರು ಸಲ ಹೊರಟುಹೋಗಬೇಕೆಂದುಕೊಂಡೆ, ಆದರೂ ನಿನ್ನ ಹಿಂದೆಯೇ ಬಂದೆ, ಇಲ್ಲೇ ಉಳಿದೆ ಎನ್ನುತ್ತಾನೆ. ಕೆಳಗಿನಿಂದ ಧ್ವನಿ ಬರುತ್ತದೆ: ಗೊಬ್ಬರಕ್ಕೆ! ಹೀಗೆ ಒಂದು ಸಾಲು ಪ್ರೇಮ, ಒಂದು ಸಾಲು ಹಂದಿ, ಟಗರುಗಳ ಬಹುಮಾನ ಎಂದು ಪುಟ ಸಾಗುತ್ತದೆ. ಲೇಖಕ ಒಂದಕ್ಷರ ಟೀಕೆ ಮಾಡುವುದಿಲ್ಲ. ಎರಡು ಧ್ವನಿಗಳನ್ನು ಅಕ್ಕಪಕ್ಕ ಇಟ್ಟಿದ್ದರಿಂದಲೇ ಎರಡೂ ಸವಕಲು ಮಾತು ಎಂಬುದು ಬಯಲಾಗುತ್ತದೆ. ಮುಂದೆ ಅವಳನ್ನು ಬಿಟ್ಟುಹೋಗುವಾಗ ರೊಡಾಲ್ಫ್ ಬರೆಯುವ ಕಾಗದದ ಮೇಲೆ ಕಣ್ಣೀರಿನ ಗುರುತು ಬೇಕೆನಿಸಿ, ಲೋಟದ ನೀರಿಗೆ ಬೆರಳದ್ದಿ ಒಂದು ದೊಡ್ಡ ಹನಿ ಬೀಳಿಸುತ್ತಾನೆ. ಶಾಯಿ ಮಸುಕಾಗುತ್ತದೆ.

ಫ್ಲೋಬೇರ್ ಮೇಲೆ ಸಾರ್ವಜನಿಕ ನೀತಿಗೆ ಧಕ್ಕೆ ತಂದ ಆರೋಪ ಹೊರಿಸಿ 1857ರಲ್ಲಿ ಮೊಕದ್ದಮೆ ಹೂಡಿದರು, ಅವರು ಖುಲಾಸೆಯಾದರು. ಎಮ್ಮಾಳನ್ನು ಖಂಡಿಸುವ ಒಂದು ಪಾತ್ರವೂ ಪುಸ್ತಕದಲ್ಲಿಲ್ಲ ಎಂಬುದು ಸರ್ಕಾರಿ ವಕೀಲರ ದೂರುಗಳಲ್ಲಿ ಒಂದು. ಅವರ ಕಣ್ಣು ವ್ಯಭಿಚಾರದ ಮೇಲಿತ್ತು. ಕಾದಂಬರಿ ಹೇಳುವ ಕಾರಣ ಬೇರೆ: ಎಮ್ಮಾ ಸಾಯುವುದು ಸಾಲದಿಂದ. ಬಟ್ಟೆ ವ್ಯಾಪಾರಿ ಲರೋ ಅವಳ ಕನಸುಗಳನ್ನು ಪರದೆ, ಶಾಲು, ಉಡುಗೊರೆಗಳಾಗಿ ಸಾಲದ ಮೇಲೆ ಮಾರುತ್ತ ಹೋಗುತ್ತಾನೆ. ಕೊನೆಗೆ ಸಾಮಾನು ಜಪ್ತಿಗೆ ಬಂದಾಗ ಅವಳು ರೊಡಾಲ್ಫ್ ಬಳಿ 3,000 ಫ್ರಾಂಕ್ ಕೇಳುತ್ತಾಳೆ. ತನ್ನಲ್ಲಿಲ್ಲ ಎನ್ನುತ್ತಾನೆ. ಪ್ರಣಯ ಒಂದು ಸರಕಾಗಿ ಮಾರಾಟವಾದಾಗ ಅದರ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಈ ಕಾದಂಬರಿಯಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಕೇಳಿದ ಕೃತಿ ಸಿಗುವುದು ಕಷ್ಟ. ಇವತ್ತಿನ ಮದುವೆಯ ಫೋಟೊಶೂಟ್, ಕಂತಿನ ಸಾಲ, ದುಬಾರಿ ಉಂಗುರಗಳ ಕಾಲದಲ್ಲಿ ಲರೋ ಹಳೆಯ ಪಾತ್ರ ಅನ್ನಿಸುವುದಿಲ್ಲ.

45 ದಿನಗಳ ಗಡುವು

ನಮ್ಮ ಕಾಲದಲ್ಲಿ ಆಸ್ತಿಯ ಕಟ್ಟಳೆ ಸಡಿಲವಾಗಿದೆ. ಆಯ್ಕೆಯ ಸ್ವಾತಂತ್ರ್ಯ ಮೊದಲಿಗಿಂತ ಹೆಚ್ಚು. ಹಾಗಾದರೆ ವಿಡಂಬನೆ ಕಡಿಮೆಯಾಗಬೇಕಿತ್ತು. ಆಗಿಲ್ಲ, ಗುರಿ ಬದಲಾಗಿದೆ. ಈಗ ಅದು ಆಯ್ಕೆ ಮಾಡುವ ವಿಧಾನವನ್ನೇ ಪರೀಕ್ಷಿಸುತ್ತಿದೆ.

ಮೊಬೈಲಿನಲ್ಲಿ ಸಂಗಾತಿ ಹುಡುಕುವ ಟಿಂಡರ್ ಆ್ಯಪ್ ಬಂದದ್ದು 2012ರಲ್ಲಿ. ಒಂದು ಫೋಟೊ, ನಾಲ್ಕು ಸಾಲು ಪರಿಚಯ, ಬೆರಳಿನ ಒಂದು ಜಾರು. ಮೂರು ವರ್ಷಗಳ ನಂತರ ಗ್ರೀಸಿನ ನಿರ್ದೇಶಕ ಯೊರ್ಗೊಸ್ ಲಾಂತಿಮೊಸ್ ‘ದಿ ಲಾಬ್‌ಸ್ಟರ್’ ಸಿನಿಮಾ ಮಾಡಿದರು. ಅದರಲ್ಲಿ ಒಂಟಿಯಾಗಿರುವುದು ಅಪರಾಧ. ಸಂಗಾತಿ ಇಲ್ಲದವರನ್ನು ಒಂದು ಹೋಟೆಲಿಗೆ ಸೇರಿಸುತ್ತಾರೆ. 45 ದಿನಗಳೊಳಗೆ ಜೋಡಿ ಸಿಗದಿದ್ದರೆ ಅವರನ್ನು ಪ್ರಾಣಿಯಾಗಿ ಬದಲಾಯಿಸಲಾಗುತ್ತದೆ. ಯಾವ ಪ್ರಾಣಿ ಎಂಬುದು ಅವರ ಆಯ್ಕೆ. ಜೋಡಿಯಾಗಲು ಇಬ್ಬರಲ್ಲೂ ಒಂದೇ ಲಕ್ಷಣ ಇರಬೇಕು. ಕುಂಟುವ ಒಬ್ಬನಿಗೆ ಮೂಗಿನಲ್ಲಿ ಪದೇ ಪದೇ ರಕ್ತ ಸುರಿಯುವ ಹುಡುಗಿ ಇಷ್ಟವಾಗುತ್ತಾಳೆ. ಅವನು ಗುಟ್ಟಾಗಿ ತನ್ನ ಮೂಗನ್ನು ಮೇಜಿಗೆ ಜಜ್ಜಿಕೊಂಡು ರಕ್ತ ಬರಿಸುತ್ತಾನೆ. ಹೊಂದಾಣಿಕೆಯಾಯಿತು. ಜೋಡಿಗಳ ನಡುವೆ ಜಗಳ ಬಂದರೆ ಹೋಟೆಲಿನವರೇ ಮಕ್ಕಳನ್ನು ಒದಗಿಸುತ್ತಾರೆ, ಸಾಮಾನ್ಯವಾಗಿ ಅದರಿಂದ ಸರಿಹೋಗುತ್ತದೆ ಎಂಬ ಭರವಸೆಯ ಜೊತೆಗೆ.

ಇದರ ತಂತ್ರ ಗಮನಿಸಬೇಕು. ಸಮಾಜದಲ್ಲಿ ಎಲ್ಲರೂ ಮೆಲುದನಿಯಲ್ಲಿ ಹೇಳುವ ಮಾತುಗಳನ್ನೇ ಸಿನಿಮಾ ಕಾನೂನಾಗಿ ಬರೆದಿದೆ. ವಯಸ್ಸಾಗುತ್ತಿದೆ ಎನ್ನುವುದು ಗಡುವಾಗುತ್ತದೆ. ಅಭಿರುಚಿ ಒಂದೇ ಇರಬೇಕು ಎನ್ನುವುದು ರಕ್ತ ಸೋರುವ ಮೂಗಾಗುತ್ತದೆ. ಮಗುವಾದರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಆಡಳಿತದ ಒಂದು ಸವಲತ್ತಾಗುತ್ತದೆ. ಮಾತನ್ನು ಅಕ್ಷರಶಃ ತೆಗೆದುಕೊಂಡ ಕೂಡಲೇ ಅದರೊಳಗಿನ ಬಲವಂತ ಎದ್ದು ಕಾಣುತ್ತದೆ. ಪ್ರೊಫೈಲಿಗೆ ತಕ್ಕಂತೆ ತನ್ನನ್ನು ಕತ್ತರಿಸಿಕೊಳ್ಳುವ, ಇಲ್ಲದ ಹವ್ಯಾಸವನ್ನು ಇದೆ ಎಂದು ಬರೆದುಕೊಳ್ಳುವ ಯಾರಿಗಾದರೂ ಮೂಗು ಜಜ್ಜಿಕೊಳ್ಳುವವನ ಪರಿಚಯವಿದೆ.

ಇಲ್ಲಿಗೇ ನಿಲ್ಲದಿರುವುದು ಆ ಚಿತ್ರದ ಪ್ರಾಮಾಣಿಕತೆ. ನಾಯಕ ಹೋಟೆಲಿನಿಂದ ತಪ್ಪಿಸಿಕೊಂಡು ಕಾಡಿನಲ್ಲಿರುವ ಒಂಟಿಗರ ಗುಂಪು ಸೇರುತ್ತಾನೆ. ಅಲ್ಲಿ ಪ್ರೀತಿಸಿದರೆ ಶಿಕ್ಷೆ. ಕುಣಿಯುವುದೂ ಒಬ್ಬೊಬ್ಬರೇ. ಜೋಡಿಯನ್ನು ಹೇರುವ ವ್ಯವಸ್ಥೆಗೆ ಒಂಟಿತನವನ್ನು ಹೇರುವ ವ್ಯವಸ್ಥೆ ಉತ್ತರವಾಗುವುದಿಲ್ಲ. ಮದುವೆಯನ್ನು ಟೀಕಿಸುವ ಕಥೆಗಳೆಲ್ಲ ಒಂಟಿ ಬದುಕಿನ ಪ್ರಚಾರ ಎಂದು ದೂರುವವರು ಈ ಎರಡನೇ ಅರ್ಧವನ್ನು ನೋಡಬೇಕು.

ನಗು ಯಾರ ಮೇಲೆ ಬೀಳುತ್ತದೆ

ಎಲ್ಲ ವಿಡಂಬನೆಯನ್ನೂ ಹೀಗೆ ಸಮರ್ಥಿಸಲಾಗದು. ಎರಡನೇ ಶತಮಾನದ ಆರಂಭದ ರೋಮನ್ ಕವಿ ಜುವೆನಲ್‌ನ ಆರನೇ ವಿಡಂಬನೆ ಇದಕ್ಕೆ ಸಾಕ್ಷಿ. ಮದುವೆಗೆ ಹೊರಟ ಗೆಳೆಯನಿಗೆ, ನೇಣು ಹಾಕಿಕೊಳ್ಳಲು ಅಷ್ಟೊಂದು ಹಗ್ಗವಿರುವಾಗ, ಹಾರಲು ಎತ್ತರದ ಕಿಟಕಿಗಳಿರುವಾಗ ಮದುವೆ ಯಾಕೆ ಎಂದು ಕೇಳುವ ಆ ಪದ್ಯ ಸುಮಾರು ಏಳುನೂರು ಸಾಲು ಹೆಂಗಸರನ್ನು ಜರೆಯುತ್ತ ಹೋಗುತ್ತದೆ. ಹೆಂಡತಿಯ ಮೇಲಿನ ಜೋಕುಗಳ ಪರಂಪರೆ ಅಷ್ಟು ಹಳೆಯದು. ಅದರಲ್ಲಿ ವ್ಯವಸ್ಥೆಯ ಪ್ರಶ್ನೆಯೇ ಏಳುವುದಿಲ್ಲ. ಒಬ್ಬ ವ್ಯಕ್ತಿಯ, ಒಂದು ಲಿಂಗದ ಸ್ವಭಾವವೇ ದೋಷವೆಂದು ಸಾಬೀತಾಗಿಬಿಡುತ್ತದೆ. ಗಂಡಸರೆಲ್ಲ ಹೀಗೆಯೇ ಎಂಬ ಇಂದಿನ ರೀಲ್ಸ್‌ಗಳೂ ಅದೇ ದಾರಿಯವು. ನಕ್ಕ ಮೇಲೆ ಏನೂ ಬದಲಾಗಬೇಕಿಲ್ಲ, ಏಕೆಂದರೆ ಸ್ವಭಾವವನ್ನು ಬದಲಾಯಿಸಲಾಗದು.

ಪಕ್ಕದಲ್ಲಿ ಮೋಲಿಯೇರ್‌ನ 1662ರ ನಾಟಕ ‘ಹೆಂಡಿರ ಪಾಠಶಾಲೆ’ ಇಟ್ಟು ನೋಡಿ. ಹೆಂಡತಿ ತನ್ನನ್ನು ವಂಚಿಸಬಾರದೆಂದು ಆರ್ನಾಲ್ಫ್ ಎಂಬಾತ ಒಂದು ಹುಡುಗಿಯನ್ನು ಸಣ್ಣವಳಿದ್ದಾಗಿನಿಂದ ಏನೂ ಗೊತ್ತಾಗದಂತೆ ಬೆಳೆಸಿ, ಮದುವೆಯ ನೀತಿಸೂತ್ರಗಳನ್ನು ಅವಳಿಂದಲೇ ಓದಿಸುತ್ತಾನೆ. ಕೊನೆಗೆ ಅವಳ ಮುಗ್ಧತೆಯೇ ಅವನ ಯೋಜನೆಯನ್ನು ಬುಡಮೇಲು ಮಾಡುತ್ತದೆ. ಇಲ್ಲಿ ನಗು ಬೀಳುವುದು ಅಧಿಕಾರ ಉಳ್ಳವನ ಮೇಲೆ, ಅವನ ಭಯದ ಮೇಲೆ. ಜುವೆನಲ್‌ಗೂ ಮೋಲಿಯೇರ್‌ಗೂ ಇರುವ ಈ ಅಂತರವೇ ಒಂದು ವಿಡಂಬನೆಯ ಬೆಲೆ ಕಟ್ಟಲು ನಮಗಿರುವ ಒಳ್ಳೆಯ ಅಳತೆಗೋಲು.

ಕೆಲವು ಕೃತಿಗಳು ಈ ಅಳತೆಗೆ ಸುಲಭವಾಗಿ ಸಿಗುವುದಿಲ್ಲ. ಗಿಲಿಯನ್ ಫ್ಲಿನ್ ಅವರ 2012ರ ಕಾದಂಬರಿ ‘ಗಾನ್ ಗರ್ಲ್’ನಲ್ಲಿ ಏಮಿ ಎಂಬಾಕೆ, ಗಂಡಸರಿಗೆ ಇಷ್ಟವಾಗಲೆಂದು ಹೆಂಗಸರು ಹಾಕಿಕೊಳ್ಳುವ ‘ಕೂಲ್ ಗರ್ಲ್’ ವೇಷವನ್ನು ಪುಟಗಟ್ಟಲೆ ಹರಿದುಹಾಕುತ್ತಾಳೆ. ಆ ಭಾಗ ಕಾದಂಬರಿಯಿಂದ ಬೇರೆಯಾಗಿ ಅಂತರ್ಜಾಲದಲ್ಲಿ ಓಡಾಡಿತು, ಸ್ತ್ರೀವಾದದ ಘೋಷಣೆಯಂತೆ. ಆದರೆ ಅದನ್ನು ಹೇಳುವವಳು ಸುಳ್ಳು ದಿನಚರಿ ಬರೆದು ಗಂಡನನ್ನು ಕೊಲೆ ಆರೋಪದಲ್ಲಿ ಸಿಲುಕಿಸಿದವಳು, ಮುಂದೆ ತಾನೇ ಕೊಲೆ ಮಾಡುವವಳು. ಹಾಗಾಗಿ ಇನ್ನು ಕೆಲವರು ಇದು ಹೆಣ್ಣುದ್ವೇಷದ ಕಥೆ ಎಂದರು. ಕಾದಂಬರಿಯೊಳಗೆ ಎರಡೂ ಒಟ್ಟಿಗಿವೆ: ಗಂಡನೂ ವೇಷಧಾರಿ, ಹೆಂಡತಿಯೂ ವೇಷಧಾರಿ, ಇಬ್ಬರನ್ನೂ ವೇಷಕ್ಕೆ ದೂಡಿದ್ದು ಆದರ್ಶ ದಂಪತಿಯಾಗಿ ಕಾಣಲೇಬೇಕೆಂಬ ಒತ್ತಡ. ಅರ್ಧ ನಿಮಿಷದ ತುಣುಕಿಗೆ ಈ ಎರಡನ್ನೂ ಹಿಡಿದಿಡುವ ಶಕ್ತಿ ಇಲ್ಲ. ವಿಡಂಬನೆ ಇಂದು ತಪ್ಪಾಗಿ ಓದಿಸಿಕೊಳ್ಳುತ್ತಿರುವುದಕ್ಕೆ ಇದೇ ದೊಡ್ಡ ಕಾರಣ.

ಕಥೆ ಓದಿ ಮದುವೆ ಬಿಟ್ಟರೇ?

ಈಗ ವಾದಗಳಿಗೆ ಬರೋಣ. ಒಂದು ಪಕ್ಷ ಹೇಳುವುದು: ಸುಖಸಂಸಾರದ ಕಥೆಗಳು ಮಾಯವಾಗಿ ಎಲ್ಲೆಲ್ಲೂ ಅಣಕವೇ ತುಂಬಿದರೆ ಯುವಜನರು ಮದುವೆಗೆ ಹೆದರುತ್ತಾರೆ, ಜನಸಂಖ್ಯೆ ಕುಸಿಯುತ್ತದೆ. ಈ ಆತಂಕ ಕೆಲವು ಸರ್ಕಾರಗಳಿಗೂ ಇದೆ. 2024ರ ಕೊನೆಯಲ್ಲಿ ಚೀನಾದ ಸರ್ಕಾರಿ ವಲಯದ ಪತ್ರಿಕೆಯೊಂದು ಕಾಲೇಜುಗಳಲ್ಲಿ ಪ್ರೀತಿ, ಮದುವೆಗಳ ಬಗ್ಗೆ ಪಾಠ ಮಾಡಬೇಕೆಂದು ಕರೆ ಕೊಟ್ಟಿತ್ತು.

ಇನ್ನೊಂದು ಪಕ್ಷ ಕಾರಣ ಮತ್ತು ಪರಿಣಾಮಗಳ ಕ್ರಮವನ್ನು ತಿರುಗಿಸಿ ನೋಡುತ್ತದೆ. ಬದುಕಿನಲ್ಲಿ ಮೊದಲು ಬಿಗಿಯಾದದ್ದು ಮನೆಯ ಬೆಲೆ, ಕೆಲಸದ ಹೊತ್ತು, ಮಗು ನೋಡಿಕೊಳ್ಳುವ ಹೊರೆ; ಕಥೆ ಆಮೇಲೆ ಬಂತು. ದಕ್ಷಿಣ ಕೊರಿಯಾದ ಉದಾಹರಣೆ ಇಲ್ಲಿ ಉಪಯುಕ್ತ. ಕೆಲಸ ಬಿಟ್ಟು ಮಗು ಸಾಕುವ ಹೆಣ್ಣಿನ ಕಷ್ಟ ಹೇಳುವ, ಚೋ ನಾಮ್-ಜೂ ಅವರ ‘ಕಿಮ್ ಜಿ-ಯಂಗ್, ಜನನ 1982’ ಎಂಬ ಕಾದಂಬರಿ 2016ರಲ್ಲಿ ಬಂದು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅದನ್ನು ಓದಿದೆ ಎಂದು ಹೇಳಿದ್ದಕ್ಕೇ ಒಬ್ಬ ಗಾಯಕಿಯ ಮೇಲೆ ಅಭಿಮಾನಿಗಳು ತಿರುಗಿಬಿದ್ದರು. 2023ರಲ್ಲಿ ಆ ದೇಶದ ಫಲವತ್ತತೆಯ ದರ, ಅಂದರೆ ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ, 0.72ಕ್ಕೆ ಇಳಿಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಪುಸ್ತಕವೇ ಕಾರಣ ಎನ್ನುವುದು ಸುಲಭ. ಆದರೆ ಆ ಇಳಿತ ಕಾದಂಬರಿ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲೇ ಆರಂಭವಾಗಿತ್ತು.

ಆ ಕಾದಂಬರಿಯ ಕೊನೆಯ ಪುಟಗಳು ವಿಡಂಬನೆಯ ಕೆಲಸವನ್ನು ಚೆನ್ನಾಗಿ ತೋರಿಸುತ್ತವೆ. ಕೆಲಸ ಬಿಟ್ಟು ಮಗು ಸಾಕುತ್ತ ಕುಗ್ಗಿಹೋದ ಜಿ-ಯಂಗ್‌ಳ ಕಥೆಯನ್ನು ನಮಗೆ ಹೇಳುತ್ತಿದ್ದವನು ಅವಳ ಮನೋವೈದ್ಯ ಎಂದು ಕೊನೆಗೆ ಗೊತ್ತಾಗುತ್ತದೆ. ಅವನಿಗೆ ನಿಜಕ್ಕೂ ಮರುಕವಿದೆ. ತನ್ನ ಹೆಂಡತಿಯ ಕಷ್ಟವೂ ಅವನಿಗೆ ಈಗ ಅರ್ಥವಾಗಿದೆ. ಅಷ್ಟರಲ್ಲಿ ಅವನ ಕ್ಲಿನಿಕ್ಕಿನ ಆಪ್ತಸಮಾಲೋಚಕಿ ಗರ್ಭಿಣಿಯಾಗಿ ಕೆಲಸ ಬಿಡುತ್ತಾಳೆ. ಅವಳ ಜಾಗಕ್ಕೆ ಮದುವೆಯಾಗದವಳನ್ನೇ ತೆಗೆದುಕೊಳ್ಳಬೇಕು ಎಂದು ಅವನು ನಿಶ್ಚಯಿಸುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಒಳ್ಳೆಯ ಮನಸ್ಸು ಇದ್ದಮಾತ್ರಕ್ಕೆ ಲೆಕ್ಕ ಬದಲಾಗುವುದಿಲ್ಲ ಎಂಬುದನ್ನು ಒಂದು ನೇಮಕಾತಿಯ ನಿರ್ಧಾರ ಹೇಳಿಬಿಡುತ್ತದೆ. ಇಂಥ ಕಥೆ ಮದುವೆಯನ್ನು ನಿಲ್ಲಿಸುತ್ತದೆ ಎನ್ನುವುದಕ್ಕಿಂತ, ಮದುವೆಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳನ್ನು ಒದಗಿಸುತ್ತದೆ ಎನ್ನುವುದು ಹೆಚ್ಚು ಸರಿ.

ಮೂರನೆಯ ವಾದವೂ ಒಂದಿದೆ, ಅದು ವಿಡಂಬನೆಯ ಪರ ಇರುವವರನ್ನೇ ಚುಚ್ಚುತ್ತದೆ: ಈ ನಗು ಕುಕ್ಕರಿನ ಸೀಟಿಯಿದ್ದಂತೆ, ಒತ್ತಡ ಹೊರಹೋಗುತ್ತದೆ, ಒಲೆ ಹಾಗೇ ಉರಿಯುತ್ತದೆ. ಇದರಲ್ಲಿ ಸತ್ಯವಿದೆ. ಒಂದು ನಾಟಕ, ಒಂದು ಸಿನಿಮಾ ಕಾನೂನು ಬದಲಿಸಿದ್ದು ಅಪರೂಪ. ಆದರೆ ಹೆಸರಿಲ್ಲದ ನೋವಿಗೆ ಹೆಸರು ಸಿಕ್ಕ ಮೇಲೆ ಅದನ್ನು ಮನೆಯಲ್ಲಿ ಪ್ರಸ್ತಾಪಿಸುವುದು ಸುಲಭವಾಗುತ್ತದೆ. 1972ರ ‘ದಿ ಸ್ಟೆಪ್‌ಫರ್ಡ್ ವೈವ್ಸ್’ ಕಾದಂಬರಿಯಲ್ಲಿ ಗಂಡಂದಿರು ಹೆಂಡತಿಯರ ಜಾಗಕ್ಕೆ ಎಂದೂ ಎದುರಾಡದ ಯಂತ್ರಗಳನ್ನು ತಂದಿಡುತ್ತಾರೆ. ಇಂಗ್ಲಿಷಿನಲ್ಲಿ ‘ಸ್ಟೆಪ್‌ಫರ್ಡ್ ಹೆಂಡತಿ’ ಎನ್ನುವುದು ನುಡಿಗಟ್ಟೇ ಆಗಿಹೋಯಿತು. ಒಂದು ಪದ ಸಿಕ್ಕಿತು ಎಂದರೆ ಒಂದು ಆಯುಧ ಸಿಕ್ಕಿದಂತೆ.

ರೊಮ್ಯಾನ್ಸ್ ಓದುವವರು ಮರುಳರಲ್ಲ

ಆರಂಭದ ಒಗಟಿನ ಒಂದು ಭಾಗ ಉಳಿದಿದೆ: ಹಾಗಾದರೆ 27 ಲಕ್ಷ ಪ್ರತಿಗಳು ಖರ್ಚಾದದ್ದು ಯಾಕೆ? ಪ್ರೇಮ ಕಾದಂಬರಿ ಓದುವವರು ಭ್ರಮೆಯಲ್ಲಿದ್ದಾರೆ, ವಿಡಂಬನೆ ಓದುವವರು ಎಚ್ಚರವಾಗಿದ್ದಾರೆ ಎಂಬ ಹಳೆಯ ವಿಂಗಡಣೆ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಜಾನಿಸ್ ರಾಡ್ವೆ ಎಂಬ ವಿದ್ವಾಂಸೆ 1984ರ ‘ರೀಡಿಂಗ್ ದ ರೊಮ್ಯಾನ್ಸ್’ ಅಧ್ಯಯನಕ್ಕಾಗಿ ಅಮೆರಿಕದ ಒಂದು ಊರಿನ ಪ್ರೇಮ ಕಾದಂಬರಿ ಓದುಗ ಗೃಹಿಣಿಯರನ್ನು ಮಾತಾಡಿಸಿದ್ದರು. ಆ ಹೆಂಗಸರಿಗೆ ಕಥೆ ಕಟ್ಟುಕಥೆ ಎಂದು ಚೆನ್ನಾಗಿ ಗೊತ್ತಿತ್ತು. ಪುಸ್ತಕ ಕೈಯಲ್ಲಿ ಹಿಡಿದ ಆ ಒಂದೆರಡು ಗಂಟೆ ಗಂಡ, ಮಕ್ಕಳು, ಮನೆಗೆಲಸ ಯಾವುದಕ್ಕೂ ತಾವು ಲಭ್ಯರಿಲ್ಲ ಎಂಬುದು ಅವರಿಗೆ ಮುಖ್ಯವಾಗಿತ್ತು. ಎಲ್ಲರನ್ನೂ ನೋಡಿಕೊಳ್ಳುವವರಿಗೆ, ತನ್ನನ್ನೇ ನೋಡಿಕೊಳ್ಳುವ ನಾಯಕನೊಬ್ಬ ಪುಟದ ಮೇಲಾದರೂ ಸಿಗುತ್ತಿದ್ದ.

ಅಂದರೆ ಪ್ರೇಮಕಥೆ ಮತ್ತು ವಿಡಂಬನೆ ಒಂದೇ ಕೊರತೆಯನ್ನು ಎರಡು ಕಡೆಯಿಂದ ಹೇಳುತ್ತವೆ. ಒಂದು, ಹೀಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನುತ್ತದೆ. ಇನ್ನೊಂದು, ಹೀಗೆ ಯಾಕಿಲ್ಲ ಎಂದು ಕೇಳುತ್ತದೆ. ಒಬ್ಬರೇ ಓದುಗರು ಎರಡನ್ನೂ ಇಷ್ಟಪಡುವುದರಲ್ಲಿ ವಿರೋಧಾಭಾಸ ಇಲ್ಲ. ಮಾರುಕಟ್ಟೆ ಇದನ್ನು ಕಂಡುಕೊಂಡಿದೆ. ಹೀಗಾಗಿ ಮುಂದಿನ ದಿನಗಳಲ್ಲಿ ಎರಡರ ಬೆರಕೆ ಹೆಚ್ಚುವ ಸಾಧ್ಯತೆಯೇ ಜಾಸ್ತಿ: ಪ್ರೇಮಕಥೆ ಎಂದು ಜಾಹೀರಾತಾಗಿ, ಒಳಗೆ ವಿಡಂಬನೆ ಇಟ್ಟುಕೊಂಡ ಸಿನಿಮಾಗಳು. ಸಿಹಿಕಥೆ ನಿರೀಕ್ಷಿಸಿ ಹೋದವರು ಮೋಸವಾಯಿತೆಂದು ಸಿಟ್ಟಾಗುವುದೂ ಹೆಚ್ಚುತ್ತದೆ.

‘ಅನೋರಾ’ದ ಕೊನೆಯ ದೃಶ್ಯ ಎರಡನ್ನೂ ಒಟ್ಟಿಗೆ ಹಿಡಿದಿದೆ. ಮದುವೆ ರದ್ದಾಗಿದೆ. ಕ್ಲಬ್ಬಿನಲ್ಲಿ ಕುಣಿದು ದುಡಿಯುತ್ತಿದ್ದ ನಾಯಕಿ ಆನಿಯನ್ನು ಮನೆಗೆ ಬಿಡಲು ಇಗೊರ್ ಬಂದಿದ್ದಾನೆ, ಹುಡುಗನ ಮನೆಯವರ ಕಡೆಯಿಂದ ಅವಳನ್ನು ಹಿಡಿದಿಡಲು ಬಂದಿದ್ದ ಕೂಲಿಯಾಳು. ಹೊರಗೆ ಹಿಮ ಬೀಳುತ್ತಿದೆ. ಅವಳಿಂದ ಕಿತ್ತುಕೊಂಡಿದ್ದ ಮದುವೆಯ ಉಂಗುರವನ್ನು ಅವನು ಗುಟ್ಟಾಗಿ ಇಟ್ಟುಕೊಂಡಿದ್ದು, ಈಗ ವಾಪಸ್ ಕೊಡುತ್ತಾನೆ. ಪ್ರತಿಯಾಗಿ ಏನೂ ಕೇಳುವುದಿಲ್ಲ. ಆನಿಗೆ ಗೊತ್ತಿರುವುದು ಕೊಟ್ಟದ್ದಕ್ಕೆ ತನ್ನ ದೇಹದಿಂದ ಲೆಕ್ಕ ಚುಕ್ತಾ ಮಾಡುವುದೊಂದೇ. ಅವಳು ಅದನ್ನೇ ಮಾಡಲು ಹೋಗುತ್ತಾಳೆ. ಅವನು ಮುತ್ತಿಡಲು ಮುಖ ಹತ್ತಿರ ತಂದಾಗ ಅವನನ್ನು ಹೊಡೆಯುತ್ತಾಳೆ, ಆಮೇಲೆ ಅವನ ಎದೆಗೆ ಒರಗಿ ಬಿಕ್ಕುತ್ತಾಳೆ. ಕಾರಿನ ವೈಪರ್ ಆಡುತ್ತಲೇ ಇರುತ್ತದೆ. ಎರಡು ಗಂಟೆ ನಗಿಸಿದ ಸಿನಿಮಾ ಆನಿಯ ಆಸೆಯನ್ನು ಒಮ್ಮೆಯೂ ಗೇಲಿ ಮಾಡಿರಲಿಲ್ಲ. ಎಲ್ಲಕ್ಕೂ ಬೆಲೆ ಕಟ್ಟುವ ಲೋಕದಲ್ಲಿ ಬೆಲೆಯಿಲ್ಲದೆ ಸಿಕ್ಕ ದಯೆಯನ್ನು ಹೇಗೆ ತೆಗೆದುಕೊಳ್ಳಬೇಕೆಂದೇ ಅವಳಿಗೆ ತಿಳಿಯದಂತಾಗಿದೆ.

ಸೋಫಿಯಾ ಬರೆದ ಉತ್ತರ

ಕೊನೆಯ ಪ್ರಶ್ನೆ, ಬಹುಶಃ ಮುಂದೆ ಹೆಚ್ಚು ಮುಖ್ಯವಾಗಲಿರುವ ಪ್ರಶ್ನೆ: ಮದುವೆಯ ವಿಡಂಬನೆಯನ್ನು ಯಾರು ಬರೆಯುತ್ತಾರೆ? ಮದುವೆಯೊಳಗೆ ಇಬ್ಬರಿರುತ್ತಾರೆ, ಕಥೆ ಬಹಳ ಸಲ ಒಬ್ಬರದೇ.

ಟಾಲ್‌ಸ್ಟಾಯ್ 1889ರಲ್ಲಿ ಮುಗಿಸಿದ ‘ಕ್ರಾಯ್ಟ್‌ಜರ್ ಸೊನಾಟಾ’ದಲ್ಲಿ ಹೆಂಡತಿಯನ್ನು ಅನುಮಾನದಿಂದ ಕೊಂದ ಪೋಜ್ನಿಶೆವ್ ರೈಲಿನಲ್ಲಿ ತನ್ನ ಕಥೆ ಹೇಳುತ್ತಾನೆ. ಮಧುಚಂದ್ರದ ಬಗ್ಗೆ ಅವನು ಕೊಡುವ ಹೋಲಿಕೆ ಮರೆಯುವಂಥದ್ದಲ್ಲ. ಪ್ಯಾರಿಸ್ಸಿನಲ್ಲಿ ದುಡ್ಡು ಕೊಟ್ಟು ಗಡ್ಡದ ಹೆಂಗಸನ್ನು ನೋಡಲು ಹೋಗಿದ್ದನಂತೆ. ಒಳಗಿದ್ದದ್ದು ಹೆಂಗಸಿನ ಬಟ್ಟೆ ತೊಟ್ಟ ಗಂಡಸು. ಹೊರಬರುವಾಗ ಪ್ರದರ್ಶನದವನು ಇವನನ್ನೇ ತೋರಿಸಿ, ನೋಡಲು ತಕ್ಕದ್ದೋ ಅಲ್ಲವೋ ಈ ಯಜಮಾನರನ್ನೇ ಕೇಳಿ ಎಂದು ಜನರನ್ನು ಕರೆದ. ಇವನಿಗೆ ಇಲ್ಲ ಎನ್ನಲು ನಾಚಿಕೆ. ಮಧುಚಂದ್ರ ಮುಗಿಸಿ ಬಂದವರು ಸುಮ್ಮನಿರುವುದೂ ಹೀಗೆಯೇ ಎನ್ನುತ್ತಾನೆ.

ರಷ್ಯಾದಲ್ಲಿ ಪುಸ್ತಕ ನಿಷೇಧವಾಯಿತು, ಕೈಬರಹದ ಪ್ರತಿಗಳಲ್ಲಿ ಹರಡಿತು. ಅರ್ಥವೇನೆಂದು ಕೇಳಿ ಓದುಗರ ಪತ್ರಗಳು ಬಂದದ್ದರಿಂದ ಟಾಲ್‌ಸ್ಟಾಯ್ ವಿವರಣೆಯಾಗಿ ಹಿನ್ನುಡಿಯನ್ನೇ ಬರೆಯಬೇಕಾಯಿತು. ಊರೆಲ್ಲ ಇದು ಅವರ ಸ್ವಂತ ಸಂಸಾರದ ಕಥೆ ಎಂದು ಮಾತಾಡಿಕೊಳ್ಳುತ್ತಿದ್ದಾಗ, 13 ಮಕ್ಕಳನ್ನು ಹೆತ್ತ ಹೆಂಡತಿ ಸೋಫಿಯಾ 1891ರಲ್ಲಿ ಚಕ್ರವರ್ತಿ ಮೂರನೇ ಅಲೆಕ್ಸಾಂಡರನನ್ನು ಖುದ್ದು ಕಂಡು, ಗಂಡನ ಸಂಪುಟಗಳಲ್ಲಿ ಅದನ್ನು ಅಚ್ಚುಹಾಕಲು ಅನುಮತಿ ಪಡೆದು ಬಂದರು. ತನ್ನನ್ನು ಘಾಸಿಗೊಳಿಸಿದ ಪುಸ್ತಕಕ್ಕೆ ಅವರೇ ಬಾಗಿಲು ತೆರೆಸಿದರು.

ಆಮೇಲೆ ತಾವೂ ಒಂದು ಕಥೆ ಬರೆದರು. ಹೆಸರು ‘ಯಾರ ತಪ್ಪು?’ ಅದರಲ್ಲೂ ಗಂಡ ಅನುಮಾನಪಟ್ಟು ಹೆಂಡತಿಯನ್ನು ಕೊಲ್ಲುತ್ತಾನೆ. ಆದರೆ ಈ ಸಲ ಸಂಸಾರವನ್ನು ನೋಡುವ ಕಣ್ಣು ಹೆಂಡತಿಯದು: ಮನಸ್ಸನ್ನು ಹಂಚಿಕೊಳ್ಳುವ ಜೊತೆಗಾರ ಬೇಕೆಂದು ಬಂದವಳಿಗೆ ತನ್ನ ಮೈಯನ್ನಷ್ಟೇ ಕಾಣುವ ಗಂಡ ಸಿಕ್ಕಿದ್ದಾನೆ. ಸೋಫಿಯಾ ಅದನ್ನು ಬದುಕಿದ್ದಾಗ ಪ್ರಕಟಿಸಲಿಲ್ಲ. 1919ರಲ್ಲಿ ತೀರಿಕೊಂಡರು. ಕಥೆ ಅಚ್ಚಾಗಿದ್ದು 1994ರಲ್ಲಿ.